ಖಾನಗಿ ಶಾಲೆಯಿಂದ ಮಾಂಟೆಸ್ಸೊರಿಯವರೆಗೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಶಿಕ್ಷಕ ಕುಟುಂಬದ ಶಾಲೆ ಮತ್ತು ಮೊದಲ ಅಕ್ಷರ

ತೆಲುಗು ನಾಡಿನ ಸಣ್ಣ ಪಟ್ಟಣಗಳಲ್ಲಿ ‘ಮಾಂಟೆಸ್ಸೊರಿ’ ಎಂಬುದು ಇಂದು ಇಟಲಿಯ ವೈದ್ಯೆಯೊಬ್ಬಳ ಹೆಸರಾಗಿ ಕೇಳಿಸುವುದು ಕಡಿಮೆ. ಮೂರು ವರ್ಷದ ಮಗುವನ್ನು ಸೇರಿಸಿಕೊಳ್ಳುವ ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಅದು ಹೆಚ್ಚುಕಡಿಮೆ ಸಾಮಾನ್ಯನಾಮವಾಗಿದೆ. ಇಂಥ ಶಾಲೆಯ ಹಿಂದೆ ಅನೇಕ ವೇಳೆ ಒಂದು ಶಿಕ್ಷಕ ಕುಟುಂಬವಿರುತ್ತದೆ. ಹಿರಿಯರೊಬ್ಬರು ಸರ್ಕಾರಿ ಶಾಲೆಯಲ್ಲಿ ಕಲಿಸಿದವರು, ಮಗನೋ ಸೊಸೆಯೋ ಬಿ.ಎಡ್. ಮುಗಿಸಿದವರು, ಮನೆಯ ಮುಂಭಾಗವೇ ಮೊದಲ ತರಗತಿ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶದಲ್ಲಿ ಇಂಥ ಶಾಲೆಯ ಸ್ಥಾಪನೆ ಕೇವಲ ಜೀವನೋಪಾಯದ ವಿಷಯವಾಗಿ ನಿಲ್ಲುವುದಿಲ್ಲ. ಮಗು ತಿದ್ದುವ ಮೊದಲ ಅಕ್ಷರ ಯಾವ ಭಾಷೆಯದಾಗಬೇಕು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಆ ಕುಟುಂಬ. ಸಂವಿಧಾನವು ಭಾಷಾ ಅಲ್ಪಸಂಖ್ಯಾತರಿಗೆ ನೀಡಿರುವ ರಕ್ಷಣೆ ಪ್ರಾಥಮಿಕ ಹಂತದಿಂದ ಆರಂಭವಾಗುತ್ತದೆ. ಮಾಂಟೆಸ್ಸೊರಿ ಶಿಕ್ಷಣ ಅದಕ್ಕೂ ಮೂರು ವರ್ಷ ಮೊದಲೇ ಆರಂಭವಾಗುತ್ತದೆ. ಈ ಮೂರು ವರ್ಷಗಳ ಅಂತರ ಹೇಗೆ ಉಂಟಾಯಿತು, ಅದರಲ್ಲಿ ಶಿಕ್ಷಕ ಕುಟುಂಬದ ಪಾತ್ರವೇನು ಎಂಬುದನ್ನು ಈ ಲೇಖನ ಚಾರಿತ್ರಿಕವಾಗಿ ಪರಿಶೀಲಿಸುತ್ತದೆ.

ಒಂದು ಜಿಲ್ಲೆ ಮೂರು ರಾಜ್ಯಗಳಿಗೆ

1956ಕ್ಕೆ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಗೂ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಈ ನಾಲ್ಕೂ ಬೆರೆತ ಬೀದರ್ ಜಿಲ್ಲೆಯನ್ನು ಏನು ಮಾಡಬೇಕೆಂಬುದು ಭಾಷಾವಾರು ವಿಂಗಡಣೆಯ ಕಾಲದಲ್ಲಿ ಸುಲಭವಾಗಿ ಬಗೆಹರಿಯುವ ಪ್ರಶ್ನೆಯಾಗಿರಲಿಲ್ಲ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ತೆಲಂಗಾಣದ ಜಿಲ್ಲೆಗಳ ಜೊತೆಗೆ ಬೀದರನ್ನೂ ಸೇರಿಸಿ ಉಳಿಕೆಯ ಹೈದರಾಬಾದ್ ರಾಜ್ಯವೊಂದನ್ನು ರಚಿಸಲು ಸೂಚಿಸಿತ್ತು. ಆ ಸೂಚನೆ ಜಾರಿಗೆ ಬರಲಿಲ್ಲ. 1956ರ ಕಾಯಿದೆಯ ಪ್ರಕಾರ ಅಹಮದ್‌ಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಿರ್ಣಾ ಸರ್ಕಲ್ ಹೊರತುಪಡಿಸಿ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಮತ್ತು ನಾರಾಯಣಖೇಡ ತಾಲ್ಲೂಕು ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಸೇರಿದವು. ಉಳಿದ ಭಾಗ ಮೈಸೂರು ರಾಜ್ಯದ್ದಾಯಿತು. ಗುಲಬರ್ಗಾದಿಂದ ತಾಂಡೂರು ಮತ್ತು ಕೊಡಂಗಲ್ ಕೂಡ ಆಂಧ್ರಪ್ರದೇಶಕ್ಕೆ ಸಂದವು. 2016ರ ಜಿಲ್ಲಾ ಪುನರ್ವಿಂಗಡಣೆಯ ನಂತರ ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ.

ಗಡಿರೇಖೆಯು ತಾಲ್ಲೂಕುಗಳನ್ನು ಮಾತ್ರವಲ್ಲದೆ ಸರ್ಕಲುಗಳನ್ನೂ ಬಿಡಿಸಿ ಹಂಚಿತೆಂಬುದು ಇಲ್ಲಿ ಮುಖ್ಯ. ನಿರ್ಣಾದ ಮಗುವಿಗೆ ಕನ್ನಡವು ರಾಜ್ಯಭಾಷೆಯಾಯಿತು; ನ್ಯಾಲಕಲ್‌ನ ಮಗುವಿಗೆ ಅದೇ ಕನ್ನಡ ಅಲ್ಪಸಂಖ್ಯಾತ ಭಾಷೆಯಾಯಿತು. ಮದುವೆ, ಸಂತೆ, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆ ಇವುಗಳಿಗೆ ರೇಖೆ ಅಡ್ಡಬರಲಿಲ್ಲ. ಅಡ್ಡಬಂದದ್ದು ಶಾಲೆಗೆ. ಪಠ್ಯಪುಸ್ತಕ, ಇನ್‌ಸ್ಪೆಕ್ಟರ್, ಪರೀಕ್ಷಾ ಮಂಡಳಿ, ಶಿಕ್ಷಕರ ನೇಮಕಾತಿ ಎಲ್ಲವೂ ಬೇರೆ ರಾಜಧಾನಿಯ ಅಧೀನವಾದವು.

ರೇಖೆ ಎಳೆದ ದಿನವೇ ಅದಕ್ಕೆ ಪರಿಹಾರವೆಂಬಂತೆ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. 1956ರ ನವೆಂಬರ್ 1ರಿಂದ ಅನ್ವಯಿಸಿದ ಆ ತಿದ್ದುಪಡಿಯ ಮೂಲಕ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿತು. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಹುದ್ದೆಯನ್ನು ಸೃಷ್ಟಿಸಿತು.

ಖಾನಗಿ ಶಾಲೆಯ ಪರಂಪರೆ

ಈ ಪ್ರದೇಶದಲ್ಲಿ ಮನೆಯಲ್ಲಿ ಶಾಲೆ ನಡೆಸುವುದು ಹೊಸ ಸಂಗತಿಯಲ್ಲ. ಐಗಳ ಮಠದಲ್ಲಿ ಶಾಲೆ, ಮನೆ, ಮಠಗಳ ನಡುವೆ ಸ್ಪಷ್ಟ ಗೆರೆಯಿರಲಿಲ್ಲ. ಐಗಳಿಗೆ ಸಂಭಾವನೆ ಬಹುಪಾಲು ದವಸಧಾನ್ಯದ ರೂಪದಲ್ಲಿ ಸಲ್ಲುತ್ತಿತ್ತು. ಮಗು ಹಲಗೆಯ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮಗ್ಗಿಯನ್ನು ಪಾವು, ಅರೆ, ಮುಕ್ಕಾಲುಗಳ ಸಮೇತ ಕಂಠಪಾಠ ಮಾಡುತ್ತಿತ್ತು.

ನಿಜಾಮರ ಆಡಳಿತದಲ್ಲಿ ಉನ್ನತ ಶಿಕ್ಷಣದ ದಾರಿ ಉರ್ದುವಿನದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವಾಗಿಸಿದ್ದು ಮಹತ್ವದ ಪ್ರಯೋಗವೇ ಸರಿ. ಆದರೆ ಕನ್ನಡ, ಮರಾಠಿ, ತೆಲುಗು ಮನೆಮಾತಿನ ಮಕ್ಕಳಿಗೆ ಆ ಭಾರತೀಯ ಭಾಷೆ ಮನೆಯ ಹೊರಗಿನದಾಗಿತ್ತು. ಆದುದರಿಂದ ಮೂರೂ ಭಾಷಿಕ ಸಮುದಾಯಗಳು ಖಾಸಗಿ ಶಾಲೆಗಳತ್ತ, ಅಂದಿನ ಆಡಳಿತದ ಮಾತಿನಲ್ಲಿ ‘ಖಾನಗಿ’ ಶಾಲೆಗಳತ್ತ, ಮುಖ ಮಾಡಿದವು. ಗುಲಬರ್ಗಾದ ನೂತನ ವಿದ್ಯಾಲಯ ಮತ್ತು ಹೈದರಾಬಾದಿನ ವಿವೇಕವರ್ಧಿನಿ ಎರಡೂ 1907ರಲ್ಲಿ ಆರಂಭವಾದವು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ರಾಜಕೀಯ ನಾಯಕರಾಗುವ ಮೊದಲು ಹಿಪ್ಪರಗಾ ಮತ್ತು ಅಂಬಾಜೋಗಾಯಿಗಳಲ್ಲಿ ಶಾಲಾ ಶಿಕ್ಷಕರಾಗಿದ್ದರು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮವು ಸಂಸ್ಥಾನದ ಜನಚಳವಳಿಗಳ ಪ್ರಮುಖ ದೂರುಗಳಲ್ಲಿ ಒಂದಾಗಿತ್ತು.

ಜಹೀರಾಬಾದ್ ಮತ್ತು ನಾರಾಯಣಖೇಡಗಳು ಯಾವ ಜಿಲ್ಲೆಯಲ್ಲಿದ್ದವೋ ಆ ಬೀದರ್ ಜಿಲ್ಲೆಯ ಅತಿ ಪ್ರಸಿದ್ಧ ಉದಾಹರಣೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರದು (1890–1999). ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಕಲ್ಯಾಣ ಕರ್ನಾಟಕದಲ್ಲಿ ಮನೆಮಾತಾಗಿರುವ ಸಂಗತಿ. ಪ್ರಸ್ತುತ ವಿಷಯಕ್ಕೆ ಈ ಘಟನೆಯಿಂದ ಎರಡು ಅಂಶಗಳು ದೊರೆಯುತ್ತವೆ. ಮೊದಲನೆಯದಾಗಿ, ಪ್ರಭುತ್ವದ ಶಾಲೆ ಮನೆಮಾತನ್ನು ಕೈಬಿಟ್ಟಾಗ ಖಾಸಗಿ ಶಾಲೆಯೇ ಅದಕ್ಕೆ ಆಶ್ರಯವಾಯಿತು. ಎರಡನೆಯದಾಗಿ, ಫಲಕದ ಭಾಷೆ ಮತ್ತು ಒಳಗಿನ ಪಾಠದ ಭಾಷೆ ಬೇರೆಯಾಗಿದ್ದರೂ ಶಾಲೆಯ ನಿಜವಾದ ಭಾಷಾನೀತಿ ಒಳಗಿನದೇ ಆಗಿತ್ತು. 1956ರ ನಂತರ ಗಡಿಯ ಪೂರ್ವಕ್ಕೆ ಈ ಸಂಬಂಧ ತಲೆಕೆಳಗಾಯಿತು. ಕನ್ನಡವು ಸರ್ಕಾರಿ ಪ್ರಾಥಮಿಕ ಶಾಲೆಯ ಹೊಣೆಯಾಯಿತು. ಖಾಸಗಿ ಶಾಲೆಯು ಕ್ರಮೇಣ ಇಂಗ್ಲಿಷಿನ ಕ್ಷೇತ್ರವಾಯಿತು.

ಮಾಂಟೆಸ್ಸೊರಿ ಭಾರತಕ್ಕೆ ಬಂದ ಬಗೆ

ಮಾರಿಯಾ ಮಾಂಟೆಸ್ಸೊರಿ ತನ್ನ ಮೊದಲ ‘ಮಕ್ಕಳ ಮನೆ’ಯನ್ನು ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಗುಲಬರ್ಗಾ ಮತ್ತು ಹೈದರಾಬಾದಿನ ಆ ಎರಡು ಶಾಲೆಗಳು ಆರಂಭವಾದ ವರ್ಷವೂ ಅದೇ. ಇವುಗಳ ನಡುವೆ ಸಂಬಂಧವೇನೂ ಇಲ್ಲ. ಆದರೂ ಔಪಚಾರಿಕ ಶಾಲೆಗೆ ಹೊರಗಾಗಿದ್ದ ಮಕ್ಕಳಿಗಾಗಿ ಪ್ರತ್ಯೇಕ ಸ್ಥಳ ಕಟ್ಟುವ ಪ್ರಯತ್ನ ಎರಡೂ ಕಡೆ ಒಂದೇ ಕಾಲದಲ್ಲಿ ನಡೆಯುತ್ತಿತ್ತೆಂಬುದು ಗಮನಾರ್ಹ.

ಭಾರತದಲ್ಲಿ ಈ ಪದ್ಧತಿ ನೆಲೆಯೂರಿದ್ದು ಮಾಂಟೆಸ್ಸೊರಿಯ ಆಗಮನಕ್ಕೂ ಮೊದಲು, ಅದೂ ಕುಟುಂಬದ ಕಾರಣಗಳಿಂದ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1913ರಲ್ಲಿ ಮಗ ಹುಟ್ಟಿದ ನಂತರ ಶಿಶುಶಿಕ್ಷಣದ ಕಡೆಗೆ ತಿರುಗಿದರು. 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಅವರ ಬಾಲಮಂದಿರ ಗುಜರಾತಿ ಭಾಷೆಯಲ್ಲಿ ಆರಂಭವಾಯಿತು. ಅಲ್ಲಿಗೆ ಬಂದು ಸೇರಿದ ತಾರಾಬಾಯಿ ಮೋಡಕ್ 1926ರಲ್ಲಿ ಅವರೊಡನೆ ನೂತನ ಬಾಲಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮುಂದೆ ಈ ಕೆಲಸವನ್ನು ಮರಾಠಿ ನೆಲಕ್ಕೆ ಒಯ್ದರು. 1945ರಲ್ಲಿ ಬೋರ್ಡಿಯಲ್ಲಿ ಆರಂಭಿಸಿದ ಗ್ರಾಮ ಬಾಲಶಿಕ್ಷಾ ಕೇಂದ್ರದಲ್ಲಿ ತಾರಾಬಾಯಿ ಮತ್ತು ಅನುತಾಯಿ ವಾಘ್ ಹಳ್ಳಿಯ ಬಡತನಕ್ಕೆ ತಕ್ಕಂತೆ ಪದ್ಧತಿಯನ್ನು ಮಾರ್ಪಡಿಸಿದರು. ದುಬಾರಿ ಮರದ ಉಪಕರಣಗಳ ಸ್ಥಾನದಲ್ಲಿ ಕಾಳು, ಕಲ್ಲು, ಎಲೆ, ಕಪ್ಪೆಚಿಪ್ಪುಗಳು ಬಂದವು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ‘ಅಂಗನವಾಡಿ’ ಎಂಬ ಪದದ ಹಿಂದಿರುವುದು ಈ ಅಂಗಳವೇ. ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು.

ಮಾಂಟೆಸ್ಸೊರಿ ಸ್ವತಃ ಮಗ ಮಾರಿಯೊ ಜೊತೆಗೆ 1939ರ ನವೆಂಬರ್‌ನಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರ್‌ಗೆ ಬಂದರು. ಅಲ್ಲಿನ ಮೊದಲ ತರಬೇತಿಗೆ ಸುಮಾರು 300 ಶಿಕ್ಷಕರು ಸೇರಿದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಇಬ್ಬರೂ ಶತ್ರುದೇಶದ ಪ್ರಜೆಗಳೆನಿಸಿದರು. ಕೆಲವು ತಿಂಗಳುಗಳ ವಾಸ್ತವ್ಯಕ್ಕೆಂದು ಬಂದವರು 1946ರವರೆಗೆ ಉಳಿದರು. ಅಡ್ಯಾರ್ ಮತ್ತು ಕೊಡೈಕನಾಲ್‌ಗಳಲ್ಲಿ ತರಬೇತಿ ಪಡೆದವರ ಮೂಲಕ ಪದ್ಧತಿ ದಕ್ಷಿಣ ಭಾರತದಲ್ಲಿ ಹರಡಿತು. ತೆಲುಗು ನಾಡಿನಲ್ಲಿ ಕೋಟೇಶ್ವರಮ್ಮ 1955ರಲ್ಲಿ ವಿಜಯವಾಡದಲ್ಲಿ ಸ್ಥಾಪಿಸಿದ ಮಾಂಟೆಸ್ಸೊರಿ ಶಾಲೆಯಿಂದ ಆ ಹೆಸರು ಜನಪ್ರಿಯವಾಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹೀಗೆ ಹೆಸರು ಮತ್ತು ಪದ್ಧತಿ ಎರಡೂ ಹರಡಿದವು, ಆದರೆ ಒಂದೇ ವೇಗದಲ್ಲಿ ಅಲ್ಲ. ಹೆಸರು ಬಳಸಲು ತರಬೇತಿ ಬೇಕಿರಲಿಲ್ಲ.

ಬೆರಳು, ಕಿವಿ, ಅಕ್ಷರ

ಈ ಪದ್ಧತಿಯಲ್ಲಿ ಮಗುವಿಗೆ ಬರವಣಿಗೆ ಓದಿಗಿಂತ ಮೊದಲು ಬರುತ್ತದೆ. ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರವನ್ನು ಮಗು ಎರಡು ಬೆರಳಿನಿಂದ ಸವರುತ್ತಾ ಅದರ ಧ್ವನಿಯನ್ನು ಉಚ್ಚರಿಸುತ್ತದೆ. ನಂತರ ಬಿಡಿ ಅಕ್ಷರಗಳ ಪೆಟ್ಟಿಗೆಯಿಂದ ತನಗೆ ಗೊತ್ತಿರುವ ಪದಗಳನ್ನು ತಾನೇ ಜೋಡಿಸುತ್ತದೆ. ಐಗಳ ಮಠದ ಮರಳಿನ ಅಕ್ಷರಕ್ಕೂ ಇದಕ್ಕೂ ಬೆರಳಿನ ಮಟ್ಟದಲ್ಲಿ ಸಾಮ್ಯವಿದೆ. ಆದರೆ ಅಲ್ಲಿ ಕ್ರಮವನ್ನು ನಿರ್ಧರಿಸುತ್ತಿದ್ದವರು ಐಗಳು, ಬೆನ್ನ ಹಿಂದೆ ಬೆತ್ತವೂ ಇತ್ತು; ಇಲ್ಲಿ ಯಾವ ಅಕ್ಷರವನ್ನು ಎಷ್ಟು ಸಲ ತಿದ್ದಬೇಕೆಂಬುದು ಮಗುವಿನ ಆಯ್ಕೆ.

ಈ ಕ್ರಮ ಕೆಲಸ ಮಾಡಬೇಕಾದರೆ ಒಂದು ಪೂರ್ವಭಾವಿ ಷರತ್ತಿದೆ: ಜೋಡಿಸಬೇಕಾದ ಪದ ಮೊದಲೇ ಮಗುವಿನ ಬಾಯಲ್ಲಿರಬೇಕು. ಮಾಂಟೆಸ್ಸೊರಿಯ ಇಟಾಲಿಯನ್ ಮಕ್ಕಳಿಗೆ ಪದವೂ ಗೊತ್ತಿತ್ತು, ಆ ಭಾಷೆಯಲ್ಲಿ ಧ್ವನಿಗೂ ಲಿಪಿಗೂ ಬಹುಮಟ್ಟಿಗೆ ನೇರ ಸಂಬಂಧವೂ ಇತ್ತು. ಕನ್ನಡ ಮತ್ತು ತೆಲುಗುಗಳಲ್ಲಿ ಈ ಎರಡನೆಯ ಅನುಕೂಲ ಹಾಗೆಯೇ ಇದೆ; ಇಂಗ್ಲಿಷಿನಲ್ಲಿ ಇಲ್ಲ. ನ್ಯಾಲಕಲ್‌ನ ಮೂರು ವರ್ಷದ ಮಗುವಿನ ಮುಂದೆ ಇಂಗ್ಲಿಷ್ ಅಕ್ಷರಗಳ ಪೆಟ್ಟಿಗೆಯನ್ನಷ್ಟೇ ಇಟ್ಟರೆ ಉಪಕರಣ ಮಾಂಟೆಸ್ಸೊರಿಯದಾಗಿರುತ್ತದೆ, ಜೋಡಿಸಲು ಬೇಕಾದ ಪದಗಳು ಮಾತ್ರ ಮಗುವಿನ ಬಳಿ ಇರುವುದಿಲ್ಲ. ಆಗ ಶಿಕ್ಷಕಿ ಹೇಳಿಕೊಟ್ಟದ್ದನ್ನು ಮಗು ಪುನರುಚ್ಚರಿಸುತ್ತದೆ. ಯಾವ ಕಂಠಪಾಠವನ್ನು ತಪ್ಪಿಸಲು ಪದ್ಧತಿ ಹುಟ್ಟಿತೋ ಅದೇ ಮರಳಿ ಬರುತ್ತದೆ.

ಕನ್ನಡದ ಉಪಕರಣ ತಯಾರಿಸುವುದೂ ಸುಲಭವಲ್ಲ. ‘ಕಮಲ’ ಪದಕ್ಕೆ ಮೂರು ಬಿಡಿ ಅಕ್ಷರಗಳು ಸಾಕು. ‘ಕಿವಿ’ ಬಂದಾಗ ಗುಡಿಸು ಪಕ್ಕದಲ್ಲಿ ಕೂರದೆ ತಲೆಕಟ್ಟನ್ನೇ ಬದಲಿಸುತ್ತದೆ. ‘ಅಪ್ಪ’ ಬಂದಾಗ ಒತ್ತಕ್ಷರ ಕೆಳಗೆ ಇಳಿಯುತ್ತದೆ. 34 ವ್ಯಂಜನಗಳಿಗೆ ತಲಾ 12 ಗುಣಿತರೂಪಗಳೆಂದರೂ 408 ಬಿಲ್ಲೆಗಳಾಗುತ್ತವೆ. ಪೆಟ್ಟಿಗೆಯಲ್ಲಿ ಪ್ರತಿಯೊಂದರ ಹಲವು ಪ್ರತಿಗಳು ಬೇಕು. ಇಪ್ಪತ್ತಾರು ಅಕ್ಷರಗಳ ಸಿದ್ಧ ಪೆಟ್ಟಿಗೆಯನ್ನು ಕೊಂಡುತರುವುದಕ್ಕೆ ಹೋಲಿಸಿದರೆ ಇದು ತಿಂಗಳುಗಟ್ಟಲೆಯ ಕೈಕೆಲಸ. ಸಣ್ಣ ಶಾಲೆಯೊಂದು ಇಂಗ್ಲಿಷನ್ನು ಆರಿಸಿಕೊಳ್ಳುವುದಕ್ಕೆ ಪೋಷಕರ ಬೇಡಿಕೆಯಷ್ಟೇ ಈ ಶ್ರಮವೂ ಕಾರಣವಾಗಬಹುದು.

ಗಡಿಯ ಶಿಕ್ಷಕರಿಗೆ ಇಲ್ಲಿ ಒಳನಾಡಿನವರಿಗಿಲ್ಲದ ಸೌಕರ್ಯವೊಂದಿದೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದವು. ಅವುಗಳ ಪ್ರತ್ಯೇಕ ರೂಪಗಳು ಮುದ್ರಣಯುಗದಲ್ಲಿ ಗಟ್ಟಿಯಾದವು. ಗ, ನ, ರ, ಲ ಮೊದಲಾದ ಅಕ್ಷರಗಳ ಮೈಕಟ್ಟು ಎರಡರಲ್ಲೂ ಬಹುತೇಕ ಒಂದೇ. ಮುಖ್ಯ ಭೇದ ತಲೆಕಟ್ಟಿನ ಬಾಗಿನಲ್ಲಿದೆ. ಒಂದೇ ಅಚ್ಚಿನಿಂದ ಎರಡು ಭಾಷೆಗಳ ಅಕ್ಷರಗಳನ್ನು ಕತ್ತರಿಸಿಕೊಳ್ಳುವುದು ಎರಡೂ ಲಿಪಿ ಬಲ್ಲ ಕುಟುಂಬಕ್ಕೆ ಸಾಧ್ಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಕೇಳುವ ಮಗುವಿಗೆ ಎರಡರ ಸಾಮ್ಯವೂ ಭೇದವೂ ಬೆರಳಿನಿಂದಲೇ ತಿಳಿಯುತ್ತವೆ. ಮಾತೃಭಾಷಾ ಶಿಕ್ಷಣವನ್ನು ರಾಜ್ಯಭಾಷೆಯ ಎದುರಾಳಿಯೆಂದು ಭಾವಿಸಬೇಕಾದ ಅಗತ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ. ತೆಲಂಗಾಣವು 2018ರ ಕಾಯಿದೆಯ ಮೂಲಕ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯಗೊಳಿಸಿರುವ ಸಂದರ್ಭದಲ್ಲಿ ಈ ಸಾಮ್ಯಕ್ಕೆ ವಿಶೇಷ ಬೆಲೆಯಿದೆ.

ಕಾನೂನು ತಲುಪದ ಮೂರು ವರ್ಷ

1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನವು ಒಪ್ಪಿಕೊಂಡ ಸೂತ್ರದ ಪ್ರಕಾರ ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರೊಬ್ಬರನ್ನಾದರೂ ನೇಮಿಸಬೇಕು. 350ಎ ವಿಧಿಯ ಅನುಷ್ಠಾನದಲ್ಲಿ ಮಾನದಂಡವಾಗಿ ಉಳಿದುಬಂದ ಈ ಸೂತ್ರವು ಒಂದನೆಯ ತರಗತಿಯಿಂದ ಎಣಿಕೆ ಆರಂಭಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ವ್ಯಾಪ್ತಿ 6ರಿಂದ 14 ವರ್ಷ. ಬೋಧನಾ ಮಾಧ್ಯಮವು ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಾಗಿರಬೇಕೆಂದು ಹೇಳುವ ಆ ಕಾಯಿದೆ ಮೂರರಿಂದ ಆರು ವರ್ಷದ ಮಕ್ಕಳ ವಿಷಯದಲ್ಲಿ ಸರ್ಕಾರಗಳು ವ್ಯವಸ್ಥೆ ಮಾಡಬಹುದು ಎಂದಷ್ಟೇ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ ಮಾತೃಭಾಷೆಗೆ ಒತ್ತು ನೀಡಿದೆ; ಆದರೆ ಅದು ನೀತಿ, ಹಕ್ಕಲ್ಲ.

ಸಂಖ್ಯೆಯ ಆಧಾರದ ರಕ್ಷಣೆಯು ಈ ಮೂರು ವರ್ಷಗಳಲ್ಲಿ ಸವೆಯುತ್ತದೆ. ಮೂರನೆಯ ವಯಸ್ಸಿಗೆ ಇಂಗ್ಲಿಷ್ ಶಿಶುಶಾಲೆಗೆ ಸೇರಿದ ಮಗು ಆರನೆಯ ವಯಸ್ಸಿಗೆ ಸರ್ಕಾರಿ ಕನ್ನಡ ಶಾಲೆಗೆ ಮರಳುವ ಸಂಭವ ಕಡಿಮೆ. ಹಳ್ಳಿಯೊಂದರ ಹನ್ನೆರಡು ಕನ್ನಡ ಮಕ್ಕಳಲ್ಲಿ ಮೂವರು ಹೀಗೆ ಹೋದರೂ ತರಗತಿಯ ಹತ್ತರ ಲೆಕ್ಕ ತಪ್ಪುತ್ತದೆ. ಉಳಿದ ಒಂಬತ್ತು ಮಕ್ಕಳು ಯಾವ ಆಯ್ಕೆಯನ್ನೂ ಮಾಡದೆ ತಮ್ಮ ಭಾಷೆಯ ಶಿಕ್ಷಕರನ್ನು ಕಳೆದುಕೊಳ್ಳಬಹುದು. ಶಿಶುಶಾಲೆಯನ್ನು ಕಟ್ಟಿದ್ದು ಕನ್ನಡ ಮಾಧ್ಯಮದ ಶಿಕ್ಷಕರ ಕುಟುಂಬವೇ ಆಗಿದ್ದರೆ, ಮನೆಯ ಒಂದು ಸಂಬಳ ಮತ್ತೊಂದು ಸಂಬಳದ ಬುನಾದಿಯನ್ನು ಸಡಿಲಗೊಳಿಸಿದಂತಾಗುತ್ತದೆ.

ಇದಕ್ಕಾಗಿ ಆ ಕುಟುಂಬವನ್ನು ದೂಷಿಸುವುದು ನ್ಯಾಯವಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ಹೈದರಾಬಾದ್ ಈ ಮೂರೂ ಪಟ್ಟಣಗಳ ದುಡಿಮೆಯ ದಿಕ್ಕು. ಪ್ರೌಢಶಾಲೆಯ ನಂತರ ಕನ್ನಡ ಮಾಧ್ಯಮದ ದಾರಿ ತೀರಾ ಕಿರಿದು. ತಾಂಡೂರಿನ ಕಲ್ಲುಗಣಿಯಲ್ಲಿಯೋ ತೊಗರಿ ಹೊಲದಲ್ಲಿಯೋ ದುಡಿಯುವ ತಂದೆತಾಯಿ ಶುಲ್ಕ ಹೊಂದಿಸಿ ಇಂಗ್ಲಿಷ್ ಬಯಸಿದರೆ ಅದರ ಹಿಂದೆ ಲೆಕ್ಕಾಚಾರವಿದೆ, ಭಾಷಾದ್ವೇಷವಿಲ್ಲ. ಬೋಧನಾ ಮಾಧ್ಯಮದ ಆಯ್ಕೆ ಪೋಷಕರದೆಂದು ಸರ್ವೋಚ್ಚ ನ್ಯಾಯಾಲಯವೂ ಕರ್ನಾಟಕದ ಪ್ರಕರಣದಲ್ಲಿ 2014ರಲ್ಲಿ ತೀರ್ಪು ನೀಡಿದೆ. ಪ್ರಭುತ್ವವು ಖಾಲಿ ಬಿಟ್ಟ ವಯೋಮಾನದಲ್ಲಿ ಭಾಷೆ ಉಳಿಸುವ ಹೊಣೆಯನ್ನು ತಿಂಗಳ ಶುಲ್ಕದಿಂದ ಬದುಕುವ ಕುಟುಂಬವೊಂದು ಒಂಟಿಯಾಗಿ ಹೊರಲಾರದು.

ಶಿಕ್ಷಕ ಕುಟುಂಬದ ಮುಂದಿರುವ ಆಯ್ಕೆ

ಹಾಗಿದ್ದರೂ ಕಾನೂನಿನ ಈ ಖಾಲಿ ಜಾಗ ನಿರ್ಬಂಧವಿಲ್ಲದ ಜಾಗವೂ ಹೌದು. ಸಂವಿಧಾನದ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ (2002) ಅಲ್ಪಸಂಖ್ಯಾತರನ್ನು ಗುರುತಿಸುವ ಘಟಕ ರಾಜ್ಯವೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿರುವುದರಿಂದ ತೆಲಂಗಾಣದ ಕನ್ನಡಿಗರಿಗೆ ಈ ಹಕ್ಕು ಅನ್ವಯಿಸುತ್ತದೆ. ಜಹೀರಾಬಾದ್ ಸಮೀಪದ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ನಡೆಸಿದ ‘ಪಚ್ಚ ಸಾಲೆ’ಯು ತೆಲುಗಿನಲ್ಲಿ, ಊರಿನ ಬೇಸಾಯ ಮತ್ತು ಕಸುಬುಗಳನ್ನು ಪಾಠದೊಳಗೆ ತಂದು, ಸ್ಥಳೀಯ ಜ್ಞಾನದ ಶಾಲೆ ಈ ನೆಲದಲ್ಲಿ ಸಾಧ್ಯವೆಂಬುದನ್ನು ತೋರಿಸಿತು. ಅಂಥದೇ ಪ್ರಯತ್ನ ಶಿಶುಹಂತದಲ್ಲಿ ಕನ್ನಡಕ್ಕೂ ಅಸಾಧ್ಯವಲ್ಲ.

ಭಾಲ್ಕಿಯ ಫಲಕದ ಅನುಭವ ಇಲ್ಲಿ ಉಪಯುಕ್ತ. ಫಲಕದ ಮೇಲೆ ಇಂಗ್ಲಿಷ್ ಇರಲಿ, ಪೋಷಕರು ಬಯಸಿದ ಇಂಗ್ಲಿಷ್ ಮಾತುಕತೆ, ಹಾಡು, ಕಥೆಗಳ ರೂಪದಲ್ಲಿ ದಿನವೂ ನಡೆಯಲಿ. ಮೊದಲ ಅಕ್ಷರ ಮಾತ್ರ ಮಗುವಿನ ಬಾಯಲ್ಲಿರುವ ಭಾಷೆಯದಾಗಲಿ. ಇದು ಪೋಷಕರಿಂದ ಮುಚ್ಚಿಡಬೇಕಾದ ಉಪಾಯವಲ್ಲ. ಮಾಂಟೆಸ್ಸೊರಿ ಎಂಬ ಹೆಸರು ಹೊತ್ತ ಶಾಲೆ ಆ ಪದ್ಧತಿಗೆ ನಿಷ್ಠವಾಗಿರಬೇಕಾದರೆ ಇರುವ ಕನಿಷ್ಠ ಅಗತ್ಯ ಇದು, ಪೋಷಕರಿಗೆ ಹೀಗೆಂದೇ ವಿವರಿಸಲೂಬಹುದು. ತಾರಾಬಾಯಿ ಮೋಡಕ್ ಮರಾಠಿಯಲ್ಲಿ, ಗಿಜುಭಾಯಿ ಗುಜರಾತಿಯಲ್ಲಿ ಮಾಡಿದ್ದು ಇದನ್ನೇ.

ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಉಪಕರಣ ಕನ್ನಡದ್ದಾದ ಕೂಡಲೇ ಯಾವ ಕನ್ನಡ ಎಂಬ ಪ್ರಶ್ನೆ ಏಳುತ್ತದೆ. ಈ ಭಾಗದ ಮಗು ‘ಮನೆ’ಯನ್ನು ‘ಮನಿ’ ಎನ್ನುತ್ತದೆ, ‘ಶಾಲೆ’ಯನ್ನು ‘ಸಾಲಿ’ ಎನ್ನುತ್ತದೆ. ಬಿಡಿ ಅಕ್ಷರಗಳಿಂದ ಅದು ಮೊದಲ ಸಲ ತಾನಾಗಿ ‘ಮನಿ’ ಎಂದು ಜೋಡಿಸಿದರೆ ಮಾಂಟೆಸ್ಸೊರಿಯ ದೃಷ್ಟಿಯಲ್ಲಿ ಅದು ಸರಿಯಾದ ಧ್ವನಿವಿಶ್ಲೇಷಣೆ; ಪಠ್ಯಪುಸ್ತಕದ ದೃಷ್ಟಿಯಲ್ಲಿ ತಪ್ಪು. ಆ ಹಂತದಲ್ಲಿ ತಿದ್ದದೆ ಬಿಟ್ಟು, ‘ಮನೆ’ ಎಂಬ ಬರಹದ ರೂಪವನ್ನು ಮುಂದೆ ಓದಿನ ಮೂಲಕ ಪರಿಚಯಿಸುವುದು ಪದ್ಧತಿಗೆ ಹೊಂದುವ ಕ್ರಮ. ಆದುದರಿಂದ ಬೀದರ್, ಜಹೀರಾಬಾದ್, ತಾಂಡೂರು ಭಾಗದ ಮಕ್ಕಳು ನಿಜವಾಗಿ ಆಡುವ ಪದಗಳ ಪಟ್ಟಿಯೊಂದು ಸಿದ್ಧವಾಗಬೇಕು. ಅದಕ್ಕೆ ತಕ್ಕ ಚಿತ್ರಪಟಗಳು, ಕನ್ನಡ–ತೆಲುಗು ಜೋಡಿ ಅಕ್ಷರಗಳ ಅಚ್ಚುಗಳು ತಯಾರಾಗಬೇಕು. 408 ಬಿಲ್ಲೆಗಳನ್ನು ಪ್ರತಿಯೊಂದು ಕುಟುಂಬವೂ ಬೇರೆಬೇರೆಯಾಗಿ ಕತ್ತರಿಸುವ ಶ್ರಮವನ್ನು ಒಂದು ವಿಶ್ವವಿದ್ಯಾಲಯದ ವಿಭಾಗವೋ ಸಂಶೋಧನ ಕೇಂದ್ರವೋ ಒಂದೇ ಸಲ ವಹಿಸಿಕೊಂಡರೆ, ಗಡಿಯ ಶಿಕ್ಷಕ ಕುಟುಂಬಕ್ಕೆ ಇಂಗ್ಲಿಷ್ ಪೆಟ್ಟಿಗೆಯ ಪಕ್ಕದಲ್ಲಿ ಕನ್ನಡದ ಪೆಟ್ಟಿಗೆಯನ್ನೂ ಇಡುವುದು ಸಾಧ್ಯವಾಗುತ್ತದೆ.